ಲೆಕ್ಕದಿಂದ ಹೊರಗುಳಿದ ಆರು ಜನ

ಮಾರ್ಸೇಯ ಸೂಕ್ಷ್ಮಜೀವಿ ವಿಜ್ಞಾನಿ ದಿದಿಯೆ ರಾವುಲ್ ಅವರ ಬಗ್ಗೆ ಬರೆಯುವವರು, ಭಕ್ತರಿರಲಿ ವೈರಿಗಳಿರಲಿ, ಒಂದು ಮಾತನ್ನು ಮಾತ್ರ ತಕರಾರಿಲ್ಲದೆ ಒಪ್ಪಿಕೊಂಡುಬಿಡುತ್ತಾರೆ: ತಮ್ಮ ಕ್ಷೇತ್ರದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡವರಲ್ಲಿ ಅವರೊಬ್ಬರು. ಭಕ್ತರಿಗೆ ವಾದ ಅಲ್ಲಿಗೇ ಮುಗಿಯುತ್ತದೆ. ವೈರಿಗಳಿಗೆ ಅದು ದುರಂತ ನಾಟಕದ ಮೊದಲ ಅಂಕ; ಅಷ್ಟು ಎತ್ತರದಲ್ಲಿದ್ದವರು ಕೊರೊನಾ ಕಾಲದಲ್ಲಿ ಹೀಗೆ ಜಾರಿದರಲ್ಲ ಎಂಬ ಮರುಕಕ್ಕೆ ಅದರಿಂದಲೇ ಪೀಠಿಕೆ. ಜಾರಿದ್ದು ಹೌದು. ಎಷ್ಟು ಎತ್ತರದಿಂದ ಜಾರಿದರು ಎನ್ನುವುದರಲ್ಲಿ ನನಗೆ ಅನುಮಾನವಿದೆ.

ಅವರ ಒಳ್ಳೆಯ ಕೆಲಸಕ್ಕೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ವಿಪಲ್ ಕಾಯಿಲೆಯ ವಿವರಣೆ ಬಂದದ್ದು 1907ರಲ್ಲಿ. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ನೆಲೆ ನಿಲ್ಲುವಂತೆ ಬೆಳೆಸಿ ತೋರಿಸಿದ್ದು 2000ದಲ್ಲಿ, ಇವರ ತಂಡ. 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಮಿಮಿವೈರಸ್ ಕುರಿತು ಬಂದ ಬರಹ ಒಂದೇ ಒಂದು ಪುಟದ್ದು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಕೂಲಿಂಗ್ ಟವರ್ ನೀರಿನ ಅಮೀಬಾದಲ್ಲಿ ಸಿಕ್ಕು, ಬ್ಯಾಕ್ಟೀರಿಯಾ ಎಂದೇ ಎಣಿಸಲಾಗಿದ್ದ ಜೀವಿ ಅದು. ಅದು ವೈರಸ್ ಎಂದು ಆ ಪುಟ ತೋರಿಸಿಕೊಟ್ಟಿತು. ವೈರಸ್ ಎಂದರೆ ಇಷ್ಟೇ ಗಾತ್ರ ಎಂದು ನಂಬಿದ್ದವರೆಲ್ಲ ಪಾಠ ತಿದ್ದಿಕೊಳ್ಳಬೇಕಾಯಿತು. ಇಂಥವು ಇನ್ನೂ ಕೆಲವಿವೆ. ಒಬ್ಬ ಮನುಷ್ಯನ ಜೀವಮಾನಕ್ಕೆ ಧಾರಾಳವಾಗಿ ಸಾಕು.

ಆದರೆ ರಾವುಲ್ ಅವರ ಹೆಸರಿರುವ ಪ್ರಬಂಧಗಳು ಸಾವಿರಗಳ ಲೆಕ್ಕದವು. ವರ್ಷಕ್ಕೆ ನೂರು ದಾಟಿದ ವರ್ಷಗಳಿವೆ. ಅಂದರೆ ಮೂರು ನಾಲ್ಕು ದಿನಕ್ಕೊಂದು. ಯಾವ ಮೇಧಾವಿಯೂ ಈ ವೇಗದಲ್ಲಿ ಯೋಚಿಸಲಾರ. ಸಂಸ್ಥೆಯ ಮುಖ್ಯಸ್ಥರ ಹೆಸರು ಪ್ರಬಂಧದ ತುದಿಯಲ್ಲಿ ಕೂರುವ ಪದ್ಧತಿಯಿಂದ ಮಾತ್ರ ಇದು ಸಾಧ್ಯ. ಫ್ರಾನ್ಸಿನ ಸರ್ಕಾರಿ ವ್ಯವಸ್ಥೆಯೂ ಇದಕ್ಕೆ ನೀರೆರೆಯಿತು. ಅಲ್ಲಿನ ಬೋಧನಾ ಆಸ್ಪತ್ರೆಗಳಿಗೆ ಸಂಶೋಧನೆಯ ಅನುದಾನ ಹಂಚುವಾಗ ಪ್ರಬಂಧಕ್ಕಿಷ್ಟು ಎಂದು ಅಂಕ ಹಾಕುತ್ತಿದ್ದರು. 'ಎ' ದರ್ಜೆಯ ಪತ್ರಿಕೆಗೆ 8, ಕೆಳಗಿನ 'ಇ' ದರ್ಜೆಗೂ 2. ಮೊದಲ ಮತ್ತು ಕೊನೆಯ ಲೇಖಕರಿಗೆ ಗರಿಷ್ಠ ಗುಣಕ. ಜಗತ್ತನ್ನೇ ಬದಲಿಸುವ ಒಂದು ಪುಟ ಬರೆಯುವ ಬದಲು ಯಾರೂ ಓದದ ನಾಲ್ಕು ಪ್ರಬಂಧ ಬರೆದರೆ ಖಜಾನೆಗೆ ವ್ಯತ್ಯಾಸವೇನಿರಲಿಲ್ಲ. 'ನ್ಯೂ ಮೈಕ್ರೋಬ್ಸ್ ಅಂಡ್ ನ್ಯೂ ಇನ್ಫೆಕ್ಷನ್ಸ್' ಎಂಬ ಪತ್ರಿಕೆಯ ಸಂಪಾದಕರಲ್ಲಿ ಹಲವರು ಮಾರ್ಸೇ ತಂಡದವರೇ ಆಗಿದ್ದರು. 2013ರಲ್ಲಿ ಶುರುವಾದ ಆ ಪತ್ರಿಕೆಯನ್ನು ಕೆಲ ಸಂಶೋಧಕರು ಲೆಕ್ಕ ಹಾಕಿ ನೋಡಿದಾಗ, ಅಲ್ಲಿಯವರೆಗಿನ 728 ಪ್ರಬಂಧಗಳಲ್ಲಿ 235ಕ್ಕೆ ರಾವುಲ್ ಸಹಲೇಖಕರಾಗಿದ್ದರು. ಒಂದೇ ಗುಂಪು ಬರೆದು, ತಾನೇ ಅಚ್ಚು ಹಾಕಿ, ತನ್ನ ಹಿಂದಿನದನ್ನು ತಾನೇ ಉಲ್ಲೇಖಿಸಿದರೆ ಅದು ಮದುವೆಮನೆಯ ಮುಯ್ಯಿಯ ಲೆಕ್ಕ: ಹಣ ಮನೆಯಿಂದ ಮನೆಗೆ ಓಡಾಡುತ್ತದೆ, ಪುಸ್ತಕದಲ್ಲಿ ಮೊತ್ತ ಬೆಳೆಯುತ್ತದೆ.

ಇಷ್ಟು ಹೇಳಿ, 2020ರ ಮಾರ್ಚ್ 20ರಂದು 'ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಆ್ಯಂಟಿಮೈಕ್ರೋಬಿಯಲ್ ಏಜೆಂಟ್ಸ್'ನಲ್ಲಿ ಬಂದ, ಕೊರೊನಾ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಟ್ಟು ನೋಡಿದ ಅವರ ತಂಡದ ಪ್ರಬಂಧಕ್ಕೆ ಬರೋಣ. ಸಲ್ಲಿಸಿದ್ದು 16ಕ್ಕೆ, ಒಪ್ಪಿಗೆ 17ಕ್ಕೆ. ಸಹಲೇಖಕರಲ್ಲೊಬ್ಬರು ಆ ಪತ್ರಿಕೆಯ ಪ್ರಧಾನ ಸಂಪಾದಕರು. ಇವೆಲ್ಲ ಗೊತ್ತಿರುವ ಸಂಗತಿಗಳೇ. ಇವನ್ನೇ ಜಗ್ಗುತ್ತ ಕೂತವರು ಪ್ರಬಂಧದ ಒಳಗೆ ಇಳಿಯಲಿಲ್ಲ ಎನ್ನುವುದು ನನ್ನ ದೂರು.

ಒಳಗೆ ಏನಿದೆ? ಹೈಡ್ರಾಕ್ಸಿಕ್ಲೋರೊಕ್ವಿನ್ ಪಡೆದ 20 ಮಂದಿ, ಪಡೆಯದ 16 ಮಂದಿ. ಆರನೇ ದಿನ ಮೂಗಿನ ಸ್ವಾಬ್‌ನಲ್ಲಿ ವೈರಸ್ ಕಾಣದಿದ್ದವರು ಮೊದಲ ಗುಂಪಿನಲ್ಲಿ 14, ಅಂದರೆ ಶೇ 70; ಎರಡನೆಯದರಲ್ಲಿ 2, ಶೇ 12.5. ಜೊತೆಗೆ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಪಡೆದ ಆರು ಮಂದಿಯಲ್ಲಿ ಆರಕ್ಕೆ ಆರೂ ನೆಗೆಟಿವ್. ಜಗತ್ತು ಓದಿದ್ದು ಇಷ್ಟನ್ನೇ.

ಮೊದಲಿಗೆ ಔಷಧದ ಗುಂಪಿನಲ್ಲಿದ್ದವರು 26 ಮಂದಿ. ಆರು ಜನರನ್ನು 'ಮುಂದೆ ಪರೀಕ್ಷೆಗೆ ಸಿಗಲಿಲ್ಲ' ಎಂದು ಬಿಡಲಾಗಿದೆ. ಯಾರಿವರು? ಮೂವರು ಐಸಿಯುಗೆ ಹೋದವರು. ಒಬ್ಬರು ವಾಕರಿಕೆ ತಾಳದೆ ಔಷಧ ನಿಲ್ಲಿಸಿದವರು. ಒಬ್ಬರು ಆಸ್ಪತ್ರೆ ಬಿಟ್ಟು ಹೋದವರು. ಒಬ್ಬರು ತೀರಿಕೊಂಡವರು. ಬಿಟ್ಟವರನ್ನು ಸೇರಿಸಿಕೊಂಡರೆ 26ಕ್ಕೆ 14, ಶೇ 54ರ ಆಸುಪಾಸು. ಹೋಲಿಕೆಯ ಗುಂಪಿನಿಂದ ಒಬ್ಬರೂ ಐಸಿಯುಗೆ ಹೋಗಲಿಲ್ಲ, ಒಬ್ಬರೂ ಸಾಯಲಿಲ್ಲ.

ಇಷ್ಟನ್ನು ಹಲವರು ಬರೆದಿದ್ದಾರೆ. ವಿಜ್ಞಾನ ಪ್ರಬಂಧಗಳ ತಪ್ಪು ಹುಡುಕುವ ಎಲಿಜಬೆತ್ ಬಿಕ್ ಅಂತೂ ನಾಲ್ಕೇ ದಿನದಲ್ಲಿ ಬರೆದರು. ನಾನು ನಿಂತುಬಿಟ್ಟದ್ದು ಒಂದು ಸಣ್ಣ ವಾಕ್ಯದ ಮುಂದೆ. ಮೂರನೇ ದಿನ ತೀರಿಕೊಂಡ ಆ ರೋಗಿ ಎರಡನೇ ದಿನ ಪಿಸಿಆರ್‌ನಲ್ಲಿ ನೆಗೆಟಿವ್ ಇದ್ದರು ಎಂದು ಲೇಖಕರೇ ಹೇಳುತ್ತಾರೆ. ಬಚ್ಚಿಟ್ಟಿಲ್ಲ, ಅಚ್ಚಾಗಿದೆ. ಪ್ರಬಂಧ ತಾನೇ ಆರಿಸಿಕೊಂಡ ಅಳತೆಗೋಲಿನ ಪ್ರಕಾರ ಅವರು ಗುಣವಾದವರು. ಸ್ವಾಬ್ ನೆಗೆಟಿವ್ ಆಗಿತ್ತು. ಮಾರನೆಯ ದಿನ ಜೀವ ಹೋಯಿತು. ಈ ವಾಕ್ಯ ಬರೆದವರು ಅಲ್ಲಿಗೆ ಪೆನ್ನು ಕೆಳಗಿಟ್ಟು, ನಾವು ಅಳೆಯುತ್ತಿರುವುದು ಸರಿಯಾದದ್ದನ್ನೇನಾ ಎಂದು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳದೆ ಮುಂದಿನ ಸಾಲಿಗೆ ಹೋಗಿದ್ದಾರೆ. ಅಜಿತ್ರೊಮೈಸಿನ್ ಪಡೆದ ಆರು ಮಂದಿಯಲ್ಲೂ ಒಬ್ಬರು ಆರನೇ ದಿನ ನೆಗೆಟಿವ್ ಆಗಿ ಎಂಟನೇ ದಿನ ಮತ್ತೆ ಪಾಸಿಟಿವ್ ಆದರು. ನೋಂದಣಿ ದಾಖಲೆಯಲ್ಲಿ 14ನೇ ದಿನದವರೆಗೆ ನೋಡುವ ಯೋಜನೆಯಿತ್ತು. ಆರನೇ ದಿನಕ್ಕೇ ಬಾಗಿಲು ಹಾಕಿದ್ದರಿಂದ ನೂರಕ್ಕೆ ನೂರು ಉಳಿಯಿತು.

ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಸ್ವಾಬ್ ಎಣಿಸಲಿಲ್ಲ, ಸಾವು ಎಣಿಸಿದರು. ಇದೇ ಔಷಧ ಪಡೆದ 1,561 ಜನರಲ್ಲಿ 28 ದಿನದೊಳಗೆ ಸತ್ತವರು ಶೇ 27, ಪಡೆಯದ 3,155 ಜನರಲ್ಲಿ ಶೇ 25. ಅಷ್ಟರಲ್ಲಿ ಭಾರತದಲ್ಲಿ ಐಸಿಎಂಆರ್ ಸಲಹೆಯಂತೆ ವೈದ್ಯರು, ನರ್ಸುಗಳು ವಾರಕ್ಕೊಂದು ದಿನ ಆ ಮಾತ್ರೆ ನುಂಗುತ್ತಿದ್ದರು. ಅದೇ ಮಾತ್ರೆಯನ್ನು ನೆಚ್ಚಿಕೊಂಡಿದ್ದ ಲೂಪಸ್, ಸಂಧಿವಾತ ಇರುವವರು ಮೆಡಿಕಲ್ ಶಾಪುಗಳಲ್ಲಿ 'ಸ್ಟಾಕ್ ಇಲ್ಲ' ಕೇಳಿ ವಾಪಸಾಗುತ್ತಿದ್ದರು. ಆ ಸಲಹೆಗೆ ಈ ಪ್ರಬಂಧವೊಂದೇ ಕಾರಣ ಎಂದರೆ ತಪ್ಪಾದೀತು. ಅಂದಿನ ಗಾಳಿ ಬೀಸಿದ್ದು ಮಾತ್ರ ಮಾರ್ಸೇಯಿಂದ.

2024ರ ಡಿಸೆಂಬರ್‌ನಲ್ಲಿ ಪ್ರಬಂಧವನ್ನು ಹಿಂಪಡೆಯಲಾಯಿತು. ಹಿಂಪಡೆದ ಸೂಚನೆಯ ಮುಖ್ಯ ತೂಕ ಬಿದ್ದದ್ದು ನೈತಿಕ ಅನುಮತಿಯ ಪ್ರಶ್ನೆಗಳ ಮೇಲೆ. ಅಷ್ಟರಲ್ಲಿ ಅದಕ್ಕೆ 3,400ರ ಹತ್ತಿರ ಉಲ್ಲೇಖಗಳಾಗಿದ್ದವು.

ಇಲ್ಲೇ ಉಲ್ಲೇಖ ಎಣಿಸುವ ಪಂಡಿತರ ಜೊತೆ ನನ್ನ ಜಗಳ. ಆ ಉಲ್ಲೇಖಗಳಲ್ಲಿ ಬಹಳಷ್ಟು ಖಂಡನೆಗಳೇ, ಹಾಗಾಗಿ ವ್ಯವಸ್ಥೆ ತನ್ನನ್ನು ತಾನು ತಿದ್ದಿಕೊಂಡಿದೆ ಎನ್ನುತ್ತಾರೆ. ನಾಲ್ಕು ವರ್ಷ ಒಂಬತ್ತು ತಿಂಗಳ ತಿದ್ದುಪಡಿ! ಉಲ್ಲೇಖ ಎಣಿಸಿ ವಿಜ್ಞಾನಿಯನ್ನು ಅಳೆಯುವ ಎಚ್-ಇಂಡೆಕ್ಸ್‌ಗಂತೂ ಹೊಗಳಿಕೆ, ಖಂಡನೆ ಎರಡೂ ಒಂದೇ. ಬೈಗುಳವನ್ನೂ ಬಹುಮಾನವೆಂದು ಎಣಿಸುವ ಯಂತ್ರವನ್ನು ಪ್ರಾಮಾಣಿಕವೆಂದು ಹೇಗೆ ಕರೆಯುವುದು?

ಈ ಪಂಡಿತರಲ್ಲಿ ಅತಿ ಬುದ್ಧಿವಂತರು ಸ್ಟ್ಯಾನ್‌ಫರ್ಡ್‌ನ ಜಾನ್ ಇಯೋನಿಡಿಸ್. ಅಚ್ಚಾದ ಸಂಶೋಧನೆಗಳಲ್ಲಿ ಹೆಚ್ಚಿನವು ತಪ್ಪು ಎಂದು 2005ರಲ್ಲಿ ವಾದಿಸಿದವರು. ವರ್ಷಕ್ಕೆ 72ಕ್ಕಿಂತ ಹೆಚ್ಚು ಪ್ರಬಂಧ ಹೊರಡಿಸುವವರ ಮೇಲೆ 2018ರಲ್ಲಿ ಬೆಳಕು ಚೆಲ್ಲಿದವರೂ ಅವರೇ. ನಮ್ಮ ಪತ್ರಿಕೆಗಳು 'ವಿಶ್ವದ ಅಗ್ರ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು' ಎಂದು ಫೋಟೊ ಸಮೇತ ಹಾಕುತ್ತವಲ್ಲ, ಆ ಪಟ್ಟಿಯ ಕರ್ತೃ ಇವರು. ಬರೀ ಎಚ್-ಇಂಡೆಕ್ಸ್ ಸಾಲದು ಎಂದು ಆರು ಅಳತೆಗಳನ್ನು ಬೆರೆಸಿ ಸೂತ್ರ ಕಟ್ಟಿದ್ದಾರೆ: ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಸಹಲೇಖಕರ ಸಂಖ್ಯೆಗೆ ತಕ್ಕಂತೆ ತಗ್ಗಿಸಿದ ಇನ್ನೊಂದು ಇಂಡೆಕ್ಸ್, ಒಬ್ಬರೇ ಬರೆದದ್ದು, ಅದಕ್ಕೆ ಮೊದಲ ಲೇಖಕರಾಗಿ ಬರೆದದ್ದನ್ನು ಕೂಡಿಸಿದ್ದು, ಕೊನೆಯ ಲೇಖಕರಾಗಿದ್ದನ್ನೂ ಕೂಡಿಸಿದ್ದು. ಆಮೇಲೆ ಸ್ವಂತ ಉಲ್ಲೇಖ ಕಳೆದ ಅಂಕಣ, ಹಿಂಪಡೆದ ಪ್ರಬಂಧಗಳ ಅಂಕಣ ಸೇರಿದವು. ಪಾಂಡಿತ್ಯಕ್ಕೆ ನಮಸ್ಕಾರ. ಆದರೆ ಕೊನೆಯ ಸ್ಥಾನದ ಅಳತೆ ಯಾರಿಗೆ ಅನುಕೂಲ? ಪ್ರತಿ ಪ್ರಬಂಧದ ತುದಿಯಲ್ಲೂ ಸಹಿ ಹಾಕುವ ನಿರ್ದೇಶಕರಿಗೆ. ಸಾಲಿನ ನಡುವೆ ಸಿಕ್ಕಿಕೊಂಡ ಲ್ಯಾಬಿನ ಹುಡುಗಿಗೆ ಸ್ಥಾನ ನೋಡುವ ಆ ಕೊನೆಯ ಮೂರೂ ಅಳತೆಗಳಲ್ಲಿ ಸೊನ್ನೆ. ಸ್ವಂತ ಉಲ್ಲೇಖ ಕಳೆದರೂ ಶಿಷ್ಯರು, ಶಿಷ್ಯರ ಶಿಷ್ಯರು ಉಲ್ಲೇಖಿಸಿದ್ದು ಉಳಿದೇ ಇರುತ್ತದೆ. ಲೆಕ್ಕಕ್ಕೆ ಬೇಕಾದ ಅಂಕಿಗಳು ಎಲ್ಸೆವಿಯರ್ ಕಂಪನಿಯ ಸ್ಕೋಪಸ್ ದತ್ತಸಂಚಯದವು. ಮಾರ್ಚ್ 20ರ ಪ್ರಬಂಧ ಬಂದ ಪತ್ರಿಕೆಯ ಪ್ರಕಾಶಕರೂ ಎಲ್ಸೆವಿಯರ್. ಸರಕು ಮಾರುವವರದೇ ತಕ್ಕಡಿ.

ಇಯೋನಿಡಿಸ್ 2022ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೊರೊನಾ ನೀತಿಯ ಬಗ್ಗೆ ಎದುರುಬದುರಾಗಿದ್ದ ಎರಡು ಹೇಳಿಕೆಗಳಿಗೆ ಸಹಿ ಹಾಕಿದವರ ಉಲ್ಲೇಖಗಳನ್ನೂ ಟ್ವಿಟರ್ ಹಿಂಬಾಲಕರನ್ನೂ ಎಣಿಸಿ ತೂಗಿದರು. ಉಲ್ಲೇಖ ಹೆಚ್ಚಿದ್ದರೆ ವಿಜ್ಞಾನಿ, ಹಿಂಬಾಲಕರು ಹೆಚ್ಚಿದ್ದರೆ ಪ್ರಚಾರಪ್ರಿಯ ಎಂಬ ಧ್ವನಿ ಅದರಲ್ಲಿದೆ. ಈ ತಕ್ಕಡಿಯಲ್ಲಿ ರಾವುಲ್ ಅವರನ್ನು ಕೂರಿಸಿದರೆ ಎರಡೂ ತಟ್ಟೆ ಭಾರ. ಮೂಗಿನ ಸ್ವಾಬನ್ನು ರೋಗಿಯೆಂದು ತಿಳಿದ ತಪ್ಪಿಗೂ ಉಲ್ಲೇಖವನ್ನು ವಿಜ್ಞಾನವೆಂದು ತಿಳಿದ ತಪ್ಪಿಗೂ ಜಾತಿ ಒಂದೇ. ಮೊದಲನೆಯದನ್ನು ಬೈದವರೇ ಎರಡನೆಯದನ್ನು ದಿನಾ ಮಾಡುತ್ತಾರೆ.

ಇನ್ನು ಎದುರು ಪಾಳೆಯದವರು. ರಾವುಲ್ ಬಿದ್ದಮೇಲೆ ಅವರದೆಲ್ಲವೂ ಬುರುಡೆ, ಮಿಮಿವೈರಸ್ ಕೂಡ ಭಡಾಯಿ ಎನ್ನುವವರು ಹುಟ್ಟಿಕೊಂಡರು. ಇದೂ ಓದದವರ ಮಾತೇ. ಒಂದೇ ನೈತಿಕ ಅನುಮತಿ ಸಂಖ್ಯೆ ಹೊತ್ತ 248 ಅಧ್ಯಯನಗಳು ರಾವುಲ್ ಮುಖ್ಯಸ್ಥರಾಗಿದ್ದ ಸಂಸ್ಥೆಯಿಂದ ಬಂದಿರುವುದನ್ನು ಪತ್ತೆ ಮಾಡಿದವರು ಕೂತು ಒಂದೊಂದನ್ನೇ ತೆರೆದು ನೋಡಿದರು, ಅದು ವಿಮರ್ಶೆ.

ನಮ್ಮ ಕಡೆ ಮೆಡಿಕಲ್ ಕಾಲೇಜಿನಲ್ಲಿ ಬಡ್ತಿ ಬೇಕಾದರೆ ಪ್ರಬಂಧ ಬೇಕು, ಹೆಸರು ಮೊದಲ ಮೂವರಲ್ಲಿರಬೇಕು ಅಥವಾ ಪತ್ರವ್ಯವಹಾರದ ಲೇಖಕರಾಗಿರಬೇಕು. ಇದನ್ನು ಸರಿಪಡಿಸಲು ಇನ್ನೂ ಜಾಣ ಸೂತ್ರ ಬೇಕೆನ್ನುವವರ ಜೊತೆ ನಾನಿಲ್ಲ. ಬಡ್ತಿ ಕೇಳುವವರು ತಮ್ಮ ಎರಡು ಮೂರು ಪ್ರಬಂಧ ಆಯ್ದು ಕೊಡಲಿ. ಸಮಿತಿಯವರು ಓದಿಕೊಂಡು ಬಂದು ಕೋಷ್ಟಕದ ಮೇಲೆ ಬೆರಳಿಟ್ಟು ಪ್ರಶ್ನೆ ಕೇಳಲಿ. ಸಮಿತಿಯವರಿಗೆ ಅಷ್ಟು ಪುರುಸೊತ್ತಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. 36 ರೋಗಿಗಳ ಆ ಪ್ರಬಂಧವನ್ನು ಕೋಷ್ಟಕ ಸಮೇತ ಓದಲು ಒಂದು ಗಂಟೆ ಧಾರಾಳವಾಯಿತು.