ಶರಪಂಜರ: ಗುಣವಾದ ಮೇಲಿನ ಕಥೆ

‘ಶರಪಂಜರ’ ಅಂದ ತಕ್ಷಣ ಮಾತೆಲ್ಲ ಕಲ್ಪನಾ ಅಭಿನಯದ ಕಡೆಗೇ ಹೋಗುತ್ತೆ. ಆ ಕೂಗಾಟವನ್ನ ಮಿಮಿಕ್ರಿಯವರು ನಗೆಸರಕು ಮಾಡಿಯೂ ಆಯ್ತು. ಈ ಗಲಾಟೆಯಲ್ಲಿ, ತ್ರಿವೇಣಿಯವರ ಕಾದಂಬರಿ ಇಟ್ಟುಕೊಂಡು ಪುಟ್ಟಣ್ಣ ಕಣಗಾಲ್ ಹೇಳಿದ ವಿಷಯ ಮರೆತೇ ಹೋಗಿದೆ.

ಹೆರಿಗೆಯ ನಂತರ ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತೆ. ಆಸ್ಪತ್ರೆಗೆ ಸೇರಿಸ್ತಾರೆ, ಗುಣವಾಗ್ತಾಳೆ, ಮನೆಗೆ ಬರ್ತಾಳೆ. ಬೇರೆಯವರ ಸಿನಿಮಾ ಆಗಿದ್ರೆ ಅಲ್ಲಿಗೆ ಶುಭಂ. ಪುಟ್ಟಣ್ಣನವರ ಅಸಲಿ ಕಥೆ ಅಲ್ಲಿಂದ ಶುರು. ಗಂಡ ದೂರ ಸರಿಯುತ್ತಾನೆ. ಸುತ್ತಲಿನವರ ಕಣ್ಣಿಗೆ ಅವಳಿನ್ನೂ ಹುಚ್ಚಿಯೇ. ಸಿಟ್ಟು ಮಾಡಿಕೊಳ್ಳೋ ಹಕ್ಕು ಕೂಡ ಅವಳಿಗೆ ಉಳಿದಿಲ್ಲ, ಸಿಟ್ಟು ಬಂದ್ರೆ ಅದೂ ಕಾಯಿಲೆಯ ಲೆಕ್ಕಕ್ಕೇ. ನಮ್ಮೂರ ಕಡೆ ಇದನ್ನ ನಾನೂ ಕಂಡಿದ್ದೀನಿ. ಆಸ್ಪತ್ರೆಯಿಂದ ಬಂದವರು ಎದುರಿಗೇ ಕೂತಿರ್ತಾರೆ, ‘ಈಗ ಪರವಾಗಿಲ್ವಾ?’ ಅಂತ ಕೇಳೋದು ಮಾತ್ರ ಅವರ ಅಮ್ಮನನ್ನ.

ನನ್ನ ತಕರಾರು ಕೊನೆಯ ಭಾಗದ ಬಗ್ಗೆ. ಗಂಡನಿಗೆ ಇನ್ನೊಬ್ಬಳ ಸಂಬಂಧ ಇದೆ ಅಂತ ಗೊತ್ತಾದಾಗ ಕಾವೇರಿ ಕುಸಿಯುತ್ತಾಳೆ. ಹೀಗಾಗಿ ಬೈಯೋಕೆ ನಮಗೊಬ್ಬ ಸಿಕ್ಕಿಬಿಡ್ತಾನೆ. ‘ನಾವಂತೂ ಆ ಸತೀಶನ ಥರ ಅಲ್ಲಪ್ಪ’ ಅಂದುಕೊಂಡು ನಿರಾಳವಾಗಿ ಎದ್ದು ಹೋಗಬಹುದು. ನಿಜ ಜೀವನದಲ್ಲಿ ಕಾಯಿಲೆ ಮರುಕಳಿಸೋಕೆ ಅಷ್ಟು ದೊಡ್ಡ ದ್ರೋಹವೇನೂ ಬೇಕಾಗಿಲ್ಲ. ಮಾತ್ರೆ ನಿಲ್ಲಿಸಿದ್ರೂ ಸಾಕು. ಕಾವೇರಿಯದು ಬಾಣಂತಿಯ ಕಾಯಿಲೆ, ನಿಜ. ಆದ್ರೆ ಸ್ಕಿಜೋಫ್ರೇನಿಯಾದ ಬಗ್ಗೆ ಇಂಗ್ಲೆಂಡಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ, ಸದಾ ಟೀಕೆ, ಹಗೆತನ, ಅತಿಯಾದ ಆತಂಕ ಇರೋ ಮನೆಗಳಿಗೆ ಹೋದವರಿಗೆ ಕಾಯಿಲೆ ಮರುಕಳಿಸಿದ್ದು ಹೆಚ್ಚು. ಅತಿಯಾದ ಆತಂಕ ಅಂದ್ರೆ ಪ್ರೀತಿಯಿಂದಲೇ ಹುಟ್ಟೋದು ಅನ್ನೋದನ್ನ ಗಮನಿಸಿ. ಅಲ್ಲಿ ವಿಲನ್ ಯಾರೂ ಇಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮನೆಯವರು ಸೇರಿಸಿಕೊಳ್ಳಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬಾರದು ಅನ್ನುತ್ತೆ. ಒಳ್ಳೆಯದೇ. ಆದ್ರೆ ಮನೆಗೆ ಬಂದವರನ್ನ ಹೇಗೆ ಮಾತಾಡಿಸಬೇಕು ಅಂತ ಯಾವ ಕಾಯ್ದೆಯೂ ಕಲಿಸೋಕೆ ಆಗಲ್ಲ. ಅದನ್ನ ಕಲಿಸೋ ಶಕ್ತಿ ಈ ಸಿನಿಮಾಕ್ಕಿದೆ. ಮತ್ತೆ ನೋಡೋದಾದ್ರೆ, ಕಾವೇರಿ ಮನೆಗೆ ಬಂದ ಮೇಲಿನ ಭಾಗದಲ್ಲಿ ಸತೀಶನನ್ನ ಸ್ವಲ್ಪ ಹೊತ್ತು ಮರೆತು, ಅವಳ ಸುತ್ತ ನಿಂತ ಸಾಮಾನ್ಯ ಜನರನ್ನ ನೋಡಿ.