ಅಂಕಣದ ಒಳಗೂ ಅಂಚಿನಲ್ಲೂ: ತರಬೇತುದಾರ ಪ್ರಕಾಶ್ ಪಡುಕೋಣೆ

ಆಡಿ ಗೆದ್ದವರೆಲ್ಲ ಆಡಿಸಿಯೂ ಗೆಲ್ಲುತ್ತಾರೆಂಬ ನಿಯಮವಿಲ್ಲ. ಗೆಲುವು ಪಟುವಿನ ಮೈಗೆ ಹತ್ತಿದ ವಿದ್ಯೆಯಾದರೆ, ತರಬೇತಿ ಅದನ್ನು ಬೇರೊಂದು ಮೈಗೆ ದಾಟಿಸುವ ಕೆಲಸ. ಹಿಮದ ಮೇಲೆ ಸ್ಕೀಯಲ್ಲಿ ಸಾಗುತ್ತ ನಡುನಡುವೆ ರೈಫಲ್ಲಿನಿಂದ ಗುರಿಗೆ ಹೊಡೆಯಬೇಕಾದ ಬಯಾಥ್ಲಾನ್ ಸ್ಪರ್ಧೆಯಲ್ಲಿ 1980ರ ಒಲಿಂಪಿಕ್ ಚಿನ್ನ ಪಡೆದ ಪೂರ್ವ ಜರ್ಮನಿಯ ಫ್ರಾಂಕ್ ಉಲ್ರಿಚ್ ಮುಂದೆ ಜರ್ಮನ್ ಪುರುಷರ ತಂಡದ ತರಬೇತುದಾರರಾದಾಗ, ಅವರ ಹಿಂದೆ ಬಹುಕಾಲದಿಂದ ನೆಲೆಗೊಂಡ ವ್ಯವಸ್ಥೆಯೊಂದಿತ್ತು. ಅದೇ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರಿಗೆ ಅಂಥ ಆಸರೆಯಿರಲಿಲ್ಲ. ಆದ್ದರಿಂದ ತರಬೇತುದಾರರಾಗಿ ಅವರನ್ನು ಅಳೆಯುವಾಗ, ಶಿಷ್ಯರ ಪದಕಗಳಿಗಿಂತ ಮೊದಲು ಅವರು ಕಟ್ಟಿದ ವ್ಯವಸ್ಥೆಯನ್ನೇ ನೋಡಬೇಕಾಗುತ್ತದೆ.

ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ, ಮದುವೆಗಳಿಲ್ಲದ ದಿನಗಳಲ್ಲಿ ಅಭ್ಯಾಸ ಮಾಡಿ ಬೆಳೆದ ಪ್ರಕಾಶ್, ಬಲಕ್ಕಿಂತ ತಾಳ್ಮೆಯನ್ನೂ ನಿಖರತೆಯನ್ನೂ ನೆಚ್ಚಿದ ಆಟಗಾರರು. ಜಿಗಿದು ಬಾರಿಸುವ ಸ್ಮ್ಯಾಶ್‌ಗೆ ಹೆಸರಾಗಿದ್ದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಆಲ್ ಇಂಗ್ಲೆಂಡ್ ಫೈನಲಿನಲ್ಲಿ ಎದುರಿಸಿದಾಗ ಅವರು ವೇಗಕ್ಕೆ ವೇಗದಿಂದ ಉತ್ತರಿಸಲಿಲ್ಲ. ಪೂರ್ಣ ಬಲವನ್ನು ಹಾಕದೆ ಕೋನ ಹಿಡಿದು ಹೊಡೆಯುವ ಹಾಫ್ ಸ್ಮ್ಯಾಶ್, ಬಲೆಯಂಚಿನಲ್ಲಿ ಶಟಲನ್ನು ಮೆಲ್ಲನೆ ಬೀಳಿಸುವ ಡ್ರಾಪ್ ಮೊದಲಾದ ಹೊಡೆತಗಳಿಂದ ಎದುರಾಳಿಯ ಲಯವನ್ನೇ ಕೆಡಿಸಿ 15-3, 15-10ರಿಂದ ಗೆದ್ದರು. ಸರ್ವ್ ಮಾಡಿದವರಿಗಷ್ಟೇ ಅಂಕ ದಕ್ಕುತ್ತಿದ್ದ ಅಂದಿನ ಪದ್ಧತಿಯಲ್ಲಿ ಈ ತಾಳ್ಮೆ ದೊಡ್ಡ ಬಂಡವಾಳವೇ ಆಗಿತ್ತು. ಆ ಬಳಿಕ ಅವರು ಕೋಪನ್‌ಹೇಗನ್‌ನಲ್ಲಿ ನೆಲೆಸಿ ಆಡಿದ್ದು, ಉನ್ನತ ಮಟ್ಟದ ಸಹ ಆಟಗಾರರ ನಡುವಿನ ನಿತ್ಯದ ಅಭ್ಯಾಸ ಭಾರತದಲ್ಲಿ ಸಿಗುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಆ ಕೊರತೆಯನ್ನು ತುಂಬಲು 1994ರಲ್ಲಿ ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರ್ ಅವರೊಡನೆ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಅಕಾಡೆಮಿಯ ಹಿರಿಮೆಯೆಂದರೆ, ಅದು ಪ್ರಕಾಶರ ಪ್ರತಿರೂಪಗಳನ್ನು ತಯಾರಿಸಲು ಹೊರಡಲಿಲ್ಲ. ಅಲ್ಲಿ ಕೆಲಕಾಲ ಕಲಿತು 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪುಲ್ಲೇಲ ಗೋಪಿಚಂದರಲ್ಲೂ, ಬಾಲ್ಯದಲ್ಲೇ ಬಂದು ಸೇರಿದ ಲಕ್ಷ್ಯ ಸೇನರಲ್ಲೂ ಗುರುವಿನ ನಿಧಾನಗತಿಗಿಂತ ಆಕ್ರಮಣವೇ ಎದ್ದು ಕಾಣುತ್ತದೆ. ತನ್ನ ಶೈಲಿಯನ್ನೇ ಶಾಸ್ತ್ರವೆಂದು ಹೇರದಿರುವ ಸಂಯಮ ಚಾಂಪಿಯನ್ನರಲ್ಲಿ ಅಪರೂಪ; ಪ್ರಕಾಶರಿಗೆ ಅದು ಸಿದ್ಧಿಸಿತು.

ಹೀಗಿದ್ದರೂ ಮಿತಿಗಳನ್ನು ಮರೆಮಾಚುವುದು ವಿಮರ್ಶೆಗೆ ಸಲ್ಲದು. ಸೈನಾ ನೆಹ್ವಾಲ್ ಮತ್ತು ಪಿ.ವಿ. ಸಿಂಧು ಅವರ ಒಲಿಂಪಿಕ್ ಪದಕಗಳ ಕಾಲದಲ್ಲಿ ಮುಂದಾಳ್ತನ ಗೋಪಿಚಂದರ ಹೈದರಾಬಾದಿಗೆ ಹೋಯಿತು. 2015ರಲ್ಲಿ ಸೈನಾ ವಿಶ್ವದ ಅಗ್ರಸ್ಥಾನಕ್ಕೇರಿದಾಗ ಬೆಂಗಳೂರಿನಲ್ಲಿ ಅವರನ್ನು ದಿನನಿತ್ಯ ತಿದ್ದುತ್ತಿದ್ದವರು ವಿಮಲ್ ಕುಮಾರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸೆಮಿಫೈನಲಿನಲ್ಲಿ ಲಕ್ಷ್ಯ ಸೇನ್ ಎರಡೂ ಗೇಮುಗಳಲ್ಲಿ ಮುಂದಿದ್ದೂ ವಿಕ್ಟರ್ ಆಕ್ಸೆಲ್ಸನ್ ಅವರಿಗೆ ಮಣಿದು, ಕಂಚಿನ ಪಂದ್ಯದಲ್ಲೂ ಮೊದಲ ಗೇಮ್ ಗೆದ್ದು ಸೋತಾಗ, ಅಂಕಣದ ಅಂಚಿನಲ್ಲಿ ಕುಳಿತಿದ್ದ ಪ್ರಕಾಶ್, ಆಟಗಾರರು ಸ್ವತಃ ಹೊಣೆ ಹೊರಬೇಕೆಂದು ಬಹಿರಂಗವಾಗಿ ಹೇಳಿದರು. ಸೌಲಭ್ಯವಿಲ್ಲದ ಕಾಲದಲ್ಲಿ ತಾವೇ ದಾರಿ ಮಾಡಿಕೊಂಡವರ ಬಾಯಲ್ಲಿ ಆ ಮಾತಿಗೆ ತೂಕವಿದೆ. ಆದರೆ ಮುನ್ನಡೆಯನ್ನು ಉಳಿಸಿಕೊಳ್ಳುವ ಮನೋಬಲವೂ ಕಲಿಸಬೇಕಾದ ವಿದ್ಯೆಯೇ ಆಗಿರುವುದರಿಂದ, ಆ ಹೊಣೆಯಲ್ಲಿ ಕಲಿಸುವವರ ಪಾಲೂ ಇದೆ ಎಂಬುದನ್ನು ಒಪ್ಪಲೇಬೇಕು. ತರಬೇತಿಯಲ್ಲಿ ಮನೋವಿಜ್ಞಾನಕ್ಕೂ ಸ್ಥಾನವಿರಬೇಕೆಂದು ಅವರೇ ಹೇಳಿದ್ದು ಈ ಅರಿವಿನ ಗುರುತು.

ಪಂದ್ಯದ ನಡುವೆ ಸಲಹೆ ಕೊಡುವ ತರಬೇತುದಾರರಾಗಿ ಪ್ರಕಾಶರಿಗಿಂತ ಯಶಸ್ವಿಗಳು ಭಾರತದಲ್ಲೇ ಇದ್ದಾರೆ. ಪ್ರತಿಭಾವಂತ ಮಗುವೊಂದು ಮದುವೆಯಿಲ್ಲದ ದಿನಕ್ಕಾಗಿ ಕಾಯದೆ, ವಿದೇಶಕ್ಕೆ ಹೋಗದೆ, ಕರ್ನಾಟಕದ ನೆಲದಲ್ಲೇ ವಿಶ್ವಮಟ್ಟದ ಆಟಗಾರನಾಗಬಹುದೆಂಬ ಸ್ಥಿತಿಯನ್ನು ತಂದವರಲ್ಲಿ ಮಾತ್ರ ಅವರ ಸ್ಥಾನ ಮೊದಲನೆಯದು, ಮತ್ತು ತರಬೇತಿಯೆಂಬ ವೃತ್ತಿಯಲ್ಲಿ ಇದಕ್ಕಿಂತ ಬಾಳಿಕೆಯ ಸಾಧನೆ ಇನ್ನೊಂದಿಲ್ಲ.