ಜೀಪಿನಲ್ಲಿ ಬಂದ ಆಟ

ನಮ್ಮ ತದಡಿ ಕಡೆ ‘ಆಟ’ ಅಂದರೆ ಮೊದಲು ನೆನಪಾಗುವುದು ಯಕ್ಷಗಾನ. ನಾನು ಸಣ್ಣವನಿದ್ದಾಗ ಟೆಂಟ್ ಮೇಳದ ಆಟ ಇದ್ದ ದಿನ ಮಧ್ಯಾಹ್ನ ಮೈಕು ಕಟ್ಟಿದ ಜೀಪು ಬರುತ್ತಿತ್ತು. ಪ್ರಸಂಗ ಯಾವುದು, ಭಾಗವತರು ಯಾರು, ಸ್ತ್ರೀವೇಷ ಯಾರದ್ದು, ಹಾಸ್ಯ ಯಾರದ್ದು ಅಂತ ಕೂಗುತ್ತಾ, ಬಣ್ಣದ ಕಾಗದದ ಹ್ಯಾಂಡ್‌ಬಿಲ್ ಗಾಳಿಗೆ ಹಾರಿಸುತ್ತಾ ಹೋಗುವುದು. ನಾವು ಹುಡುಗರು ಅದರ ಹಿಂದೆ ಓಡುವುದು. ಪ್ರತಿ ಸಲ ಟಿಕೆಟ್ಟಿಗೆ ದುಡ್ಡು ಎಲ್ಲಿಂದ ಬರಬೇಕು? ಹಾಗಾಗಿ ಎಷ್ಟೋ ಪ್ರಸಂಗಗಳು ನನಗೆ ಜೀಪಿನಲ್ಲಿ ಬಂದಷ್ಟೇ ಗೊತ್ತು. ಉಳಿದದ್ದನ್ನು ರಾತ್ರಿ ಚಂಡೆ ಸದ್ದು ಕೇಳುತ್ತಾ ಹಾಸಿಗೆಯಲ್ಲೇ ಕಟ್ಟಿಕೊಳ್ಳುತ್ತಿದ್ದೆ.

ಇದು ಮತ್ತೆ ನೆನಪಾಗಿದ್ದು 2020ರಲ್ಲಿ. ಲಾಕ್‌ಡೌನ್ ಅಂತ ಲ್ಯಾಪ್‌ಟಾಪ್ ಕಟ್ಟಿಕೊಂಡು ಬೆಂಗಳೂರಿಂದ ಊರಿಗೆ ಬಂದಿದ್ದೆ. ಧಕ್ಕೆಯಲ್ಲಿ ಬೋಟುಗಳು ಸುಮ್ಮನೆ ನಿಂತಿದ್ದವು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ. ಆಫೀಸಿನ ಕಾಲ್ ಮುಗಿಯುವುದನ್ನೇ ಕಾಯುತ್ತಾ ತಂಗಿಯ ಮಗ ಪಕ್ಕದಲ್ಲಿ ಕೂತಿರುತ್ತಿದ್ದ. ಆಮೇಲೆ ಫೋನು ಅವನದ್ದು. ಅವನು ನೋಡುತ್ತಿದ್ದುದು ‘ಪೋಕೆಮಾನ್: ಟ್ವೈಲೈಟ್ ವಿಂಗ್ಸ್’. ಯೂಟ್ಯೂಬಿನಲ್ಲಿ ಪುಕ್ಕಟೆ, ಕಂತಿಗೆ ಆರೇಳು ನಿಮಿಷ, ಒಟ್ಟು ಏಳು ಕಂತು. ಜನವರಿಯಲ್ಲಿ ಶುರುವಾಗಿ ಆಗಸ್ಟ್ 6ಕ್ಕೆ ಮುಗಿಯಿತು.

ಇದೊಂದು ಜಾಹೀರಾತು, ಅದರಲ್ಲಿ ಮುಚ್ಚುಮರೆ ಇಲ್ಲ. 2019ರ ನವೆಂಬರ್‌ನಲ್ಲಿ ನಿಂಟೆಂಡೊ ಸ್ವಿಚ್‌ಗೆ ‘ಪೋಕೆಮಾನ್ ಸ್ವೋರ್ಡ್’ ಮತ್ತು ‘ಶೀಲ್ಡ್’ ಎಂಬ ಜೋಡಿ ಆಟಗಳು ಬಂದವು. ಆ ಆಟ ನಡೆಯುವ ಗಲಾರ್ ಎಂಬ ನಾಡಿನ ಸಣ್ಣ ಸಣ್ಣ ಕತೆಗಳೇ ಈ ಸರಣಿ. ಮಾಡಿದ್ದು ಜಪಾನಿನ ಸ್ಟುಡಿಯೊ ಕೊಲೊರಿಡೊ, ನಿರ್ದೇಶಕ ಶಿಂಗೊ ಯಮಾಶಿತಾ. ಮುಂದೆ ‘ಜುಜುತ್ಸು ಕೈಸೆನ್’, ‘ಚೈನ್‌ಸಾ ಮ್ಯಾನ್’ ಸರಣಿಗಳ ಓಪನಿಂಗ್ ಮಾಡಿ ಹೆಸರಾದವರು ಇವರೇ. ಜಪಾನಿ ಹೆಸರಿನ ಅರ್ಥ ‘ನಸುಬೆಳಕಿನ ರೆಕ್ಕೆಗಳು’ ಅಂತ. ಹೆಸರಿಗೆ ತಕ್ಕ ಹಾಗೆ ಎಲ್ಲ ಕಡೆ ಸಂಜೆಯ ಬೆಳಕು. ಕಿಟಕಿಯಿಂದ ಒಳಗೆ ಬಿದ್ದ ಬಿಸಿಲು, ಹಕ್ಕಿಯ ರೆಕ್ಕೆ ಮೇಲಿನ ಬಿಸಿಲು. ಮಾಮೂಲಿ ಟೀವಿಯ ಪೋಕೆಮಾನ್ ನೋಡಿ ಬಂದವರಿಗೆ ಇದೇನು ಬೇರೆಯೇ ಉಂಟಲ್ಲ ಅನ್ನಿಸುತ್ತದೆ.

ಶುರುವಾಗುವುದೇ ಆಸ್ಪತ್ರೆಯಲ್ಲಿ. ಜಾನ್ ಎಂಬ ಹುಡುಗ, ಜೊತೆಗೆ ಗೆಳೆಯ ಟಾಮಿ. ಜಾನ್‌ಗೆ ಚಾಂಪಿಯನ್ ಲಿಯಾನ್ ಅಂದರೆ ಪ್ರಾಣ. ಸ್ಟೇಡಿಯಂ ಇರುವ ಊರಿನಲ್ಲೇ ಇದ್ದೂ ಹೋಗಿ ಆಟ ನೋಡುವ ಹಾಗಿಲ್ಲ. ಆಸ್ಪತ್ರೆಗೆ ಬಂದ ಚೇರ್ಮನ್ ರೋಸ್ ಎಂಬ ದೊಡ್ಡ ಮನುಷ್ಯನ ಕೈಗೆ ಲಿಯಾನ್‌ಗೆಂದು ಬರೆದ ಪತ್ರ ಕೊಡುತ್ತಾನೆ. ಹೊರಗೆ ಕಾರ್ವಿನೈಟ್ ಎಂಬ ಕಪ್ಪು ದೈತ್ಯ ಹಕ್ಕಿಗಳು ಟ್ಯಾಕ್ಸಿಯಾಗಿ ಓಡಾಡುತ್ತಿವೆ. ಆಟ ಕೊಂಡುಕೊಳ್ಳಿ ಅಂತ ಹೇಳಬೇಕಾದವರು, ಆಟಕ್ಕೆ ಹೋಗಲಾಗದ ಹುಡುಗನ ಕತೆ ಹೇಳುತ್ತಿದ್ದಾರೆ! ಮೊದಲ ಸಲ ನೋಡಿದಾಗ ಜೀಪಿನ ಹಿಂದೆ ಓಡುವ ನಾವೇ ಕಂಡೆವು. ಅದೂ ಇಡೀ ಪ್ರಪಂಚ ಬಾಗಿಲು ಹಾಕಿಕೊಂಡು ಒಳಗೆ ಕೂತ ವರ್ಷ.

ಬೆಂಗಳೂರಿಗೆ ವಾಪಸ್ ಹೋದ ಮೇಲೆ ರೂಮ್‌ಮೇಟ್‌ನ ಸ್ವಿಚ್‌ನಲ್ಲಿ ‘ಸ್ವೋರ್ಡ್’ ಆಡಿ ಮುಗಿಸಿದೆ. ನನಗೆ ಜಾಹೀರಾತೇ ಹೆಚ್ಚು ಇಷ್ಟವಾಯಿತು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಆಟದಲ್ಲಿ ನಾನು ನಾಯಕ. ಉಳಿದವರೆಲ್ಲ ನನ್ನ ದಾರಿಗೆ ಅಡ್ಡ ನಿಂತು, ಸೋತು, ಎರಡು ಮಾತಾಡಿ ಪಕ್ಕಕ್ಕೆ ಸರಿಯುವವರು. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಅವರೆಲ್ಲ ಒಂದೊಂದು ಇಫ್-ಎಲ್ಸ್. ಗೆದ್ದರೆ ಈ ಡೈಲಾಗು, ಸೋತರೆ ಆ ಡೈಲಾಗು. ಲಿಯಾನ್‌ನ ತಮ್ಮ ಹಾಪ್ ಅಂತ ಒಬ್ಬ ಬರುತ್ತಾನೆ. ಆಟದುದ್ದಕ್ಕೂ ಅವನನ್ನು ಎಷ್ಟು ಸಲ ಸೋಲಿಸಿದೆನೋ ಲೆಕ್ಕವಿಲ್ಲ. ಕೊನೆಕೊನೆಗೆ ‘ಇವನೆಂತಕ್ಕೆ ಮತ್ತೆ ಬಂದ ಮಾರಾಯ’ ಅಂತ ಬಟನ್ ಒತ್ತುತ್ತಿದ್ದೆ. ಸರಣಿಯ ಮೂರನೇ ಕಂತು ಅವನದ್ದು. ಅವನ ಹಳ್ಳಿಮನೆ, ಕುರಿಮರಿಯಂಥ ಅವನ ವೂಲೂ, ದೊಡ್ಡ ಅಣ್ಣನ ನೆರಳಿನಲ್ಲಿ ಬೆಳೆಯುವ ಸಣ್ಣ ತಮ್ಮ. ಇದನ್ನು ಮೊದಲೇ ನೋಡಿದ್ದರಿಂದ ಆಟದಲ್ಲಿ ಅವನನ್ನು ಸೋಲಿಸುವಾಗ ನನಗೆ ಒಂಚೂರು ಕಸಿವಿಸಿಯಾಗುತ್ತಿತ್ತು. ಆ ಕಸಿವಿಸಿ ಆಟ ಕೊಟ್ಟದ್ದಲ್ಲ, ಜಾಹೀರಾತು ಕೊಟ್ಟದ್ದು.

ಇನ್ನೊಂದು ಸಂಗತಿ ಉಂಟು. ಜೋಡಿ ಆಟ ಅಂದೆನಲ್ಲ, ‘ಸ್ವೋರ್ಡ್’ ಕೊಂಡವರಿಗೆ ಬೀ ಎಂಬ ಕರಾಟೆ ಹುಡುಗಿ ಸಿಗುತ್ತಾಳೆ. ‘ಶೀಲ್ಡ್’ ಕೊಂಡವರಿಗೆ ಅದೇ ಜಾಗದಲ್ಲಿ ಮುಖವಾಡ ಹಾಕಿಕೊಂಡ ಆಲಿಸ್ಟರ್. ಜಿಮ್ ಲೀಡರ್ ಆಗಿ ಇಬ್ಬರ ಎದುರೂ ಆಡಬೇಕೆಂದರೆ ಎರಡು ಆಟ ಬೇಕು, ಹೊರದೇಶದ ಬೆಲೆಯಲ್ಲಿ ಒಂದೊಂದಕ್ಕೆ 60 ಡಾಲರ್. ಸರಣಿಯಲ್ಲಿ ಎರಡನೇ ಕಂತು ಬೀಯದ್ದು, ಆರನೆಯದು ಆಲಿಸ್ಟರ್‌ದು. ಅಂಗಡಿಯಲ್ಲಿ ಬೇರೆ ಮಾಡಿ ಮಾರಿದ್ದನ್ನು ಜೀಪಿನಲ್ಲಿ ಒಟ್ಟಿಗೆ ಕೂರಿಸಿಕೊಂಡು ಬಂದಿದ್ದಾರೆ. (ಬೀಯ ಕಂತು ನನಗೆ ಅಷ್ಟೇನೂ ಹಿಡಿಸಲಿಲ್ಲ. ಕಷ್ಟಪಟ್ಟು ತಾಲೀಮು ಮಾಡುವ ಇಂಥ ಕತೆ ಬೇಕಾದಷ್ಟು ನೋಡಿಯಾಗಿದೆ.) ನಾಲ್ಕನೆಯದು ನೆಸ್ಸಾ ಎಂಬವಳದ್ದು. ಬಂದರು ಊರಿನವಳು, ನೀರಿನ ಪೋಕೆಮಾನ್‌ಗಳ ಒಡತಿ, ಜೊತೆಗೆ ಮಾಡೆಲ್. ಎರಡು ಕೆಲಸದ ನಡುವೆ ಸಿಕ್ಕಿ ಒದ್ದಾಡುವವಳು ಕೊನೆಗೆ ಮುಖ ಮಾಡುವುದು ಸಮುದ್ರದ ಕಡೆಗೆ. ಆ ಕಂತು ನೋಡುವಾಗ ಆಯಿಯೂ ಬಂದು ಬಗ್ಗಿ ನೋಡಿ, “ನಮ್ಮ ಧಕ್ಕೆಯಷ್ಟು ಗಲೀಜಿಲ್ಲ ಅಲ್ದ ತಮಾ?” ಅಂದಳು.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರು ಹೇಳುತ್ತೇನೆ. ಅದು ಪತ್ರ ತೆಗೆದುಕೊಂಡ ಆ ಚೇರ್ಮನ್ ಬಗ್ಗೆ.

ಆಟದಲ್ಲಿ ರೋಸ್ ಯಾರು ಅಂದರೆ ಮ್ಯಾಕ್ರೊ ಕಾಸ್ಮಸ್ ಎಂಬ ಮಹಾ ಕಂಪನಿಯ ಒಡೆಯ. ಗಲಾರ್‌ನ ವಿದ್ಯುತ್ತು, ಬ್ಯಾಂಕು, ವಿಮೆ, ಎಲ್ಲ ಅವನದ್ದೇ. ಆಟದ ಲೀಗ್ ಕೂಡ. ಸಾವಿರ ವರ್ಷದ ನಂತರ ನಾಡಿಗೆ ಶಕ್ತಿ ಸಾಲದೆ ಬರುತ್ತದೆ ಎಂಬ ಚಿಂತೆ ಅವನಿಗೆ. ಫೈನಲ್ ಮುಗಿಯಲಿ, ಒಂದು ದಿನ ತಡೆಯಿರಿ ಅಂತ ಲಿಯಾನ್ ಬೇಡಿಕೊಂಡರೂ ಕೇಳದೆ, ಎಟರ್ನೇಟಸ್ ಎಂಬ ಭೂತವನ್ನು ಎಬ್ಬಿಸಿ ಇಡೀ ನಾಡನ್ನೇ ಅಪಾಯಕ್ಕೆ ದೂಡುತ್ತಾನೆ. ಕೆಟ್ಟವನು ಅಂತಲ್ಲ. ಮುಂದಿನವರ ಒಳ್ಳೆಯದಕ್ಕೆ ಅಂತ ಇವತ್ತಿನವರ ಬದುಕು ಪಣಕ್ಕಿಡುವ ಜಾತಿ.

ತದಡಿಯವರಿಗೆ ಈ ಪಾತ್ರದ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಇಲ್ಲಿ 4000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂದು ಒಂದು ಕಾಲದಲ್ಲಿ ಹೊರಟಿತ್ತು. ನಾಡಿಗೆ ಕರೆಂಟು ಬೇಕು, ಅದು ಸುಳ್ಳಲ್ಲ. ಆದರೆ ಅಣೆಕಟ್ಟೇ ಇಲ್ಲದೆ ಸಮುದ್ರ ಸೇರುವ ಅಘನಾಶಿನಿಯ ಅಳಿವೆ, ಅದರ ಮೀನು, ಬಳಚು ಹೆಕ್ಕಿ ಬದುಕುವ ಹೆಂಗಸರು, ಗಜನಿಯ ಕಗ್ಗ ಭತ್ತ, ಇವೆಲ್ಲ ಯಾವ ಲೆಕ್ಕಕ್ಕೆ? ಜನ ವಿರೋಧಿಸಿದರು, ಸ್ಥಾವರ ಬರಲಿಲ್ಲ. ಆಮೇಲೆ ದೊಡ್ಡ ಬಂದರಿನ ಮಾತು ಎದ್ದಿತು. ‘ಇನ್ನು ಸಾವಿರ ವರ್ಷಕ್ಕೆ’ ಅನ್ನುವವರ ಎದುರು ‘ನಾಳೆ ಬೆಳಿಗ್ಗೆಗೆ’ ಅನ್ನುವವರು ಯಾವಾಗಲೂ ಸಣ್ಣವರಾಗಿ ಕಾಣುತ್ತಾರೆ.

ಸರಣಿ ಈ ರೋಸ್‌ನನ್ನು ತೋರಿಸುವುದು ಮಕ್ಕಳ ಮಂಚದ ಹತ್ತಿರ ಬಂದು ನಗುವ ಮಾವನಂತೆ. ಆಟ ಆಡಿ ಮುಗಿಸಿದವರಿಗೆ ಆ ನಗುವಿನ ಹಿಂದಿನದ್ದು ಗೊತ್ತಿರುತ್ತದೆ, ಅವರಿಗೆ ಅದು ಬೇರೆಯೇ ರುಚಿ ಕೊಡಬಹುದು. ಅವನ ಸಹಾಯಕಿ ಒಲಿಯಾನಾಳ ಐದನೇ ಕಂತಿನಲ್ಲೂ ಆ ನೆರಳು ಸ್ವಲ್ಪ ಇದೆ. ಆದರೆ ಆಟ ಕೊಳ್ಳಲಾಗದೆ ಪುಕ್ಕಟೆ ಕಂತು ಮಾತ್ರ ನೋಡುವ ಹುಡುಗನಿಗೆ? ಅವನ ಪಾಲಿಗೆ ಚೇರ್ಮನ್ ಎಂದರೆ ಪತ್ರ ತಲುಪಿಸುವ ಒಳ್ಳೆಯವನು, ಅಷ್ಟೇ. ಏಳು ಕಂತಿನಲ್ಲಿ ಎಲ್ಲ ಸಣ್ಣವರ ಮನೆಯೊಳಗೆ ಹೋಗಿ ಬಂದ ಸರಣಿ, ದೊಡ್ಡವನೊಬ್ಬನ ಮನೆ ಬಾಗಿಲು ಮಾತ್ರ ತಟ್ಟಲಿಲ್ಲ. ಅದು ಜಾಹೀರಾತಿನ ಮಿತಿ. ಜೀಪಿನವನು ಮೇಳದ ಯಜಮಾನರ ಬಗ್ಗೆ ಮೈಕಿನಲ್ಲಿ ಬೇರೆ ಏನು ಹೇಳಿಯಾನು?

ಕೊನೆಯ ಕಂತಿನ ಹೆಸರು ‘ಆಕಾಶ’. ಅದರಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ, ನೀವೇ ನೋಡಿ. ಅದು ಬಂದ ವಾರ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಆಗಷ್ಟೇ ಹೊರಟಿದ್ದವು. ನಾವಿಬ್ಬರೂ ಜಗುಲಿಯ ಮೂಲೆಯಲ್ಲಿ ಕೂತು, ನಡುವೆ ನಾಲ್ಕು ಸಲ ಬಫರ್ ಆಗಿ, ಅಂತೂ ನೋಡಿ ಮುಗಿಸಿದೆವು.

ಆಟದ ಕತೆ ನನಗೆ ಗೊತ್ತಾದದ್ದು ಮರುವರ್ಷ. ಚೌತಿಗೆ ಊರಿಗೆ ಹೋದಾಗ ರೋಸ್ ಮಾಡಿದ್ದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನು ನಂಬಲಿಲ್ಲ.

“ಸುಳ್ಳು ಮಾವ. ಅವ ಜಾನ್‌ನ ಪತ್ರ ತಕಂಡಿದ್ದ.”

“ತಕಂಡಿದ್ದ ಹೌದು.”

“ಮತ್ತೆ?”

ಮತ್ತೆ ಮೊದಲ ಕಂತು ಹಾಕಿ ಇಬ್ಬರೂ ಇನ್ನೊಂದು ಸಲ ನೋಡಿದೆವು. ಈ ಸಲ ಅವನು ಜಾನ್‌ನನ್ನು ನೋಡಲಿಲ್ಲ, ರೋಸ್ ಬಂದಾಗಲೆಲ್ಲ ಫೋನನ್ನು ಮುಖದ ಹತ್ತಿರ ತಂದುಕೊಳ್ಳುತ್ತಿದ್ದ.